ಎರಡನೇ ಶಟರ್

ಇನ್ನು ಮುಂದೆ ನಿಮ್ಮ ಅಂಗಡಿಗೆ ತಪಾಸಣೆಗೆಂದು ಯಾರೂ ಬರುವುದಿಲ್ಲ ಎಂದು ಹೇಳುವುದಕ್ಕೆ ತೆರಿಗೆ ಆಫೀಸಿನಿಂದ ಒಬ್ಬಳು ಅಧಿಕಾರಿ ಬಂದಿದ್ದಳು. ಹೆಸರು ಚೈತ್ರ. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ನಗು. ಆ ನಗು ನೋಡಿಯೇ ಜಯದೇವಪ್ಪ ಗಲ್ಲಾಪೆಟ್ಟಿಗೆ ಮುಚ್ಚಿದ. ಯಡಿಯೂರಿನಲ್ಲಿ ನಿಪ್ಪಟ್ಟು, ಕೋಡುಬಳೆ ಮಾರಲು ಕೂತಾಗಿನಿಂದ ಗದರುತ್ತಾ ಬರುವ ಅಧಿಕಾರಿಗಳನ್ನು ಅವನು ಬೇಕಾದಷ್ಟು ನೋಡಿದ್ದ. ನಗುತ್ತಾ ಬಂದವರನ್ನು ಹೇಗೆ ಸಂಭಾಳಿಸುವುದೋ ಅವನಿಗೆ ಗೊತ್ತಿರಲಿಲ್ಲ.

"ಹಳೇ ಬಾಕಿ ಕೇಳಲ್ಲ, ಮೂರು ವರ್ಷ ಯಾರೂ ಬರಲ್ಲ. ಧೈರ್ಯವಾಗಿ ವ್ಯಾಪಾರ ಬೆಳೆಸಿ ಅಂಕಲ್. ಇದು ಸರ್ಕಾರದ ಭರವಸೆ," ಎಂದಳು ಚೈತ್ರ.

"ನಾನೇನು ತಪ್ಪು ಮಾಡಿದೀನಿ ಮೇಡಂ?"

"ಏನೂ ಮಾಡಿಲ್ಲ. ಅದನ್ನೇ ಹೇಳಕ್ಕೆ ಬಂದಿದ್ದು."

"ಏನೂ ಮಾಡದೆ ಇದ್ರೆ ಯಾಕೆ ಬಂದ್ರಿ?"

ಹಿಂದೆ ಬಾಣಲೆಯ ಮುಂದಿದ್ದ ಹೆಂಡತಿ ನೀಲಗಂಗಮ್ಮ ಉರಿ ಸಣ್ಣ ಮಾಡಿ ಕಿವಿಗೊಟ್ಟಳು. ಬಾಣಲೆ, ಡಬ್ಬ, ಗಲ್ಲಾಪೆಟ್ಟಿಗೆ, ಗಂಡ ಎಲ್ಲವೂ ಒಂದೇ ಶಟರಿನೊಳಗೆ. ಗಿರಾಕಿಗಳು ರಸ್ತೆಯಲ್ಲೇ ನಿಲ್ಲಬೇಕು, ಅವಳಿಗೆ ಒಂದು ಸ್ಟೂಲು ಹಾಕಿಕೊಳ್ಳಲೂ ಜಾಗವಿಲ್ಲ. ಪಕ್ಕದ ಟೈಲರ್ ಮಳಿಗೆ ಖಾಲಿ ಮಾಡಿದ್ದ. ಬೇಕೋ ಬೇಡವೋ ಇವತ್ತೇ ಹೇಳಿಬಿಡಿ, ಮೊಬೈಲ್ ಅಂಗಡಿಯವನು ಕಾಯುತ್ತಿದ್ದಾನೆ ಎಂದು ಓನರ್ ಕೆಂಪರಾಜು ಬೆಳಿಗ್ಗೆಯೇ ಹೇಳಿಹೋಗಿದ್ದ. ಅವಳಿಗೆ ಬೇಕು, ಬೇಕೇ ಬೇಕು. ಗಂಡನದು ಮಾತ್ರ ಒಂದೇ ರಾಗ: ಒಂದು ಶಟರ್ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಎರಡಾದರೆ ಆಫೀಸಿನವರ ಕಣ್ಣಿಗೆ ಬೀಳುತ್ತೇವೆ. ಈಗ ಆ ಆಫೀಸಿನವಳೇ ಎದುರಿಗೆ ನಿಂತು ಬೆಳೆಸಿ ಎನ್ನುತ್ತಿದ್ದಳು.

"ಕೇಳಿಸ್ತೇನ್ರೀ?" ಎಂದು ಕೈ ಒರೆಸಿಕೊಳ್ಳುತ್ತಾ ಅವಳು ಮುಂದೆ ಬಂದಳು.

"ಕೇಳಿಸ್ತು. ಆವಾಗ ಫೋನಲ್ಲಿ ದುಡ್ಡು ತಗೊಳ್ಳೋಕೆ ಸ್ಕ್ಯಾನರ್ ಇಡಿ, ಯಾರೂ ಏನೂ ಕೇಳಲ್ಲ ಅಂದ್ರು. ಇಟ್ವಿ. ಆಮೇಲೆ ಅದರ ಲೆಕ್ಕ ಹಿಡ್ಕೊಂಡೇ ನೋಟಿಸ್ ಬಂತು. ಹೋಗ್ಲಿ, ಕಟ್ಟೋಣ ಅಂತ ಹೋದ್ರೆ ಈಗ ಕಟ್ಟಬೇಡಿ, ಮೇಲಿಂದ ಬೇರೆ ಹೇಳಿದಾರೆ ಅಂದ್ರು. ನಾನು ಕಟ್ಟಬೇಕಾದೋನಾ, ಕಟ್ಟಬಾರದೋನಾ ಅಂತ ನನಗೇ ಗೊತ್ತಿಲ್ಲ ಕಣೇ."

"ಅದು ಹಳೇ ಆರ್ಡರ್ ಅಂಕಲ್. ಇದು ಹೊಸದು."

"ಅದೂ ಆಗ ಹೊಸದೇ ಆಗಿತ್ತಲ್ಲಮ್ಮ."

ಇವರ ಮಾತು ಹೀಗೇ ಎಳೆದರೆ ಮೊಬೈಲ್ ಅಂಗಡಿಯವನು ಬಂದು ಬೀಗ ತೆಗೆಯುವುದೇ ಸೈ ಎನಿಸಿತು ನೀಲಗಂಗಮ್ಮನಿಗೆ. ದೇವರ ಪಟದ ಮುಂದಿದ್ದ ಎಲೆ ಅಡಿಕೆ ತಟ್ಟೆ ತಂದಳು. ಚೈತ್ರ ಅರಿಶಿನ ಕುಂಕುಮ ಇಟ್ಟುಕೊಂಡು, ಎಲ್ಲ ಹೆಣ್ಣುಮಕ್ಕಳ ಹಾಗೆ ತಾಂಬೂಲಕ್ಕೆ ಕೈ ಚಾಚಿದಳು.

"ನೋಡಮ್ಮ, ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ತಾಂಬೂಲ ಬದಲಾಯಿಸಿದ್ರೆ ಮುಗೀತು, ಆಮೇಲೆ ಮಾತು ತಪ್ಪೋ ಹಾಗಿಲ್ಲ. ಮೂರು ವರ್ಷ ಯಾರೂ ಬರಲ್ಲ ಅಂದ್ಯಲ್ಲ, ಅದಕ್ಕೆ ಇದನ್ನ ತಗೋ. ನಾನು ನಂಬ್ತೀನಿ. ಈಗಲೇ ಪಕ್ಕದ ಶಟರ್ ಹಿಡೀತೀನಿ."

ಚಾಚಿದ ಕೈ ಅಲ್ಲೇ ನಿಂತಿತು. "ಆಂಟಿ, ನಾನು... ಎಲ್ಲಾ ಅಂಗಡಿಗೂ ಹೇಳಿ ಬನ್ನಿ ಅಂತ ಕಳಿಸಿದ್ರು, ಅಷ್ಟೇ."

"ಹೇಳಿದ್ದು ನಿಜ ತಾನೇ?"

"ನಿಜಾನೇ. ಆದ್ರೆ ಅದು ಸರ್ಕಾರ ಹೇಳಿದ್ದು, ನಾನಲ್ಲ."

"ಸರ್ಕಾರಾನ ಎಲ್ಲಿ ಅಂತ ಹುಡುಕ್ಕೊಂಡು ಹೋಗಿ ತಾಂಬೂಲ ಕೊಡ್ಲಿ ನಾನು? ಬಂದಿರೋದು ನೀನು."

ಚೈತ್ರ ಪೇಚಿಗೆ ಬಿದ್ದಳು. ಕುಂಕುಮ ಇಟ್ಟುಕೊಂಡು ತಾಂಬೂಲ ಬೇಡ ಎನ್ನುವುದು ಮನೆಯಲ್ಲಿ ಕಲಿತ ಪಾಠವಲ್ಲ. ತೆಗೆದುಕೊಂಡರೆ ಮೂರು ವರ್ಷದ ಮಾತು ತನ್ನ ತಲೆಯ ಮೇಲೆ. ಮುಂದಿನ ತಿಂಗಳು ಯಾವ ಆರ್ಡರ್ ಬರುತ್ತದೋ ಪಾಪ ಅವಳಿಗಾದರೂ ಏನು ಗೊತ್ತು. "ಅಂಗಡಿಯೋರ ಹತ್ರ ಏನೂ ತಗೋಬಾರ್ದು ಅಂತಾನೂ ಹೇಳಿದಾರೆ ಆಂಟಿ," ಎಂದು ಗೊಣಗಿದಳು.

"ಮುಂಚೆ ಬರ್ತಿದ್ದೋರು ಕೋಡುಬಳೆ ಡಬ್ಬಾನೇ ಎತ್ಕೊಂಡು ಹೋಗ್ತಿದ್ರು," ಎಂದ ಜಯದೇವಪ್ಪ ಯಾರಿಗೂ ಅಲ್ಲದೆ.

ಕೊನೆಗೆ ಚೈತ್ರ ಎರಡು ಬೆರಳಲ್ಲಿ ಎಲೆಯನ್ನಷ್ಟೇ ಎತ್ತಿಕೊಂಡಳು. ಅಡಿಕೆ ತಟ್ಟೆಯಲ್ಲೇ ಉಳಿಯಿತು. "ಬರ್ತೀನಿ ಆಂಟಿ," ಎಂದು ಮೆಟ್ಟಿಲಿಳಿದವಳು ತಟ್ಟನೆ ತಿರುಗಿ, "ಅಂದ್ರೆ... ಬರಲ್ಲ," ಎಂದಳು. ಅದೂ ಸರಿಹೋಗಲಿಲ್ಲ ಎನಿಸಿತೋ ಏನೋ, ಮುಂದಿನ ಅಂಗಡಿಯ ಕಡೆ ಬಿರಬಿರನೆ ನಡೆದಳು.

ಗಂಡ ಹೆಂಡತಿ ತಟ್ಟೆ ನೋಡುತ್ತಾ ನಿಂತರು. ಎಲೆ ತೆಗೆದುಕೊಂಡು ಅಡಿಕೆ ಬಿಟ್ಟುಹೋದರೆ ಒಪ್ಪಿದ ಹಾಗೋ, ಒಲ್ಲೆ ಎಂದ ಹಾಗೋ? ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ ನೀಲಗಂಗಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಜಯದೇವಪ್ಪ ಕಿವಿಗಿಟ್ಟು ಒಂದು ಗಳಿಗೆ ಕೇಳಿ, ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಕೆಂಪರಾಜು. ಬೇಕಾ, ಬೇಡ್ವಾ ಅಂತಿದಾರೆ. ಏನ್ ಹೇಳ್ಲಿ?"

ನೀಲಗಂಗಮ್ಮ ತಟ್ಟೆಯಲ್ಲಿದ್ದ ಅಡಿಕೆಯನ್ನು ಬೆರಳಲ್ಲಿ ಆಚೆ ಈಚೆ ಉರುಳಿಸಿದಳು.

"ಅರ್ಧ ಶಟರ್ ಕೊಡ್ತಾರಾ ಕೇಳಿ," ಎಂದಳು.