ಬ್ರೆಂಡಾ ಎಂಬ ನದಿ

ಜೆರೋಮನ ಅಂಗಿಯ ತೋಳಿನಲ್ಲಿ ಈ ವಾರವೂ ನೀಲಿ ಬಣ್ಣ. ಬ್ರೆಂಡಾ ಮೂಸಿದಳು. ಪೇಂಟಿಗೆ ಬೆರೆಸುವ ಟರ್ಪೆಂಟೈನ್. ಆ ವಾಸನೆಗೇ ಅವಳ ತಲೆ ಸಿಡಿಯುತ್ತಿತ್ತು.

ಶುಕ್ರವಾರ ಅವಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಗಂಡ ಎಲ್ಲಿಗೋ ಹೋಗುತ್ತಿದ್ದ. ಕೇಳಿದರೆ ‘ಚರ್ಚ್ ಕೆಲಸ’ ಎನ್ನುತ್ತಿದ್ದ. ಆದರೆ ಪಕ್ಕದ ಮನೆಯ ಸಮೀನಾ ಅವನನ್ನು ನೋಡಿದ್ದು ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಗ್ಯಾಲರಿಯಲ್ಲಿ, ಬಿಳಿ ಹೆಂಗಸೊಬ್ಬಳಿಗೆ ನಗುನಗುತ್ತಾ ಚಿತ್ರ ಎತ್ತಿಕೊಡುತ್ತಿದ್ದಾಗ.

ಈ ಶುಕ್ರವಾರ ಬ್ರೆಂಡಾ ಡ್ಯೂಟಿ ಬದಲಾಯಿಸಿಕೊಂಡಳು. ಜೆರೋಮ್ ಆಗಲೇ ಹೊರಟುಹೋಗಿದ್ದ. ಅತ್ತೆ ಮರೀನಾ ಮಾತ್ರ ರೇಷ್ಮೆ ಸೀರೆ ಉಟ್ಟು, ಚರ್ಚಿಗೆ ಹೊರಟವರಂತೆ ಸೋಫಾದ ಅಂಚಿನಲ್ಲಿ ಕೂತಿದ್ದರು.

“ಮಮ್ಮಿ, ಬನ್ನಿ ನನ್ನ ಜೊತೆ. ನಿಮ್ಮ ಮಗನ ಬಂಡವಾಳ ತೋರಿಸ್ತೇನೆ.”

ಗ್ಯಾಲರಿಯ ಹೆಸರು ಕೇಳಿ ಅತ್ತೆಯ ಮುಖ ಬಿಳಿಚಿತು. “ಅಲ್ಲಿ ಗಲಾಟೆ ಮಾತ್ರ ಮಾಡ್ಬೇಡ ಮಾರಾಯ್ತಿ.”

“ಮಾಡ್ತೇನೆ. ಆ ಚಿತ್ರದವಳನ್ನು ಬಿಡುದಿಲ್ಲ ನಾನು.”

ಫರ್ವಾನಿಯಾದ ಮನೆಯಿಂದ ಟ್ಯಾಕ್ಸಿ. ಇಷ್ಟು ವರ್ಷದ ಸಂಸಾರ ಇವತ್ತಿಗೆ ಖಲಾಸ್ ಎಂದುಕೊಳ್ಳುತ್ತಾ ಬ್ರೆಂಡಾ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ಜಪಸರ ಎಣಿಸುತ್ತಿದ್ದರು.

ಒಳಗೆ ಗೋಡೆ ತುಂಬ ಹಾಲೆಂಡಿನ ನದಿಗಳು. ನದಿ ಎಂದು ಬರೆದಿದ್ದಕ್ಕೆ ನದಿ. ಇಲ್ಲದಿದ್ದರೆ ಒಂದು ಬೂದು ಪಟ್ಟೆ, ಅದರ ಮೇಲೊಂದು ಹಸಿರು ಗೆರೆ, ಮಿಕ್ಕಿದ್ದೆಲ್ಲ ಆಕಾಶ. ಮೂಲೆಯಲ್ಲಿ ‘ಎಂ’ ಎಂಬ ಸಹಿ.

“ಮಂಜು ಬಿದ್ದರೆ ಅಲ್ಲಿ ದಡವೇ ಕಾಣುದಿಲ್ಲ,” ಎಂದರು ಅತ್ತೆ.

ಬ್ರೆಂಡಾ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಎದುರಿನ ದೊಡ್ಡ ಚಿತ್ರದಲ್ಲಿ ನೆಟ್ಟಿತ್ತು. ಕಪ್ಪು ಮೋಡ, ದಡ ಮೀರಿ ನುಗ್ಗುವ ಕೆಂಪು ನೀರು. ಕೆಳಗೆ ಚಿತ್ರದ ಹೆಸರು: ‘ಬ್ರೆಂಡಾ’.

ಗಂಡನನ್ನು ಕಿತ್ತುಕೊಂಡದ್ದು ಸಾಲದೆ ಲೇವಡಿ ಬೇರೆ!

ಅಷ್ಟರಲ್ಲಿ ಜೆರೋಮ್ ಕಂಡ. ಪಕ್ಕದಲ್ಲಿ ಬಿಳಿ ಹೆಂಗಸು. ಬ್ರೆಂಡಾ ನುಗ್ಗಿದಳು. “ಇವಳೇನಾ?”

“ಇವರು ಸೂಸನ್, ಗ್ಯಾಲರಿಯ ಓನರ್,” ಜೆರೋಮ್ ತೊದಲಿದ. “ಚಿತ್ರ ಬರೆದದ್ದು ಇವರಲ್ಲ.”

“ಮತ್ತೆ ಯಾರು? ಕರಿ ಅವಳನ್ನು!”

ಒಂದಕ್ಷರವೂ ಅರ್ಥವಾಗದ ಸೂಸನ್ ಹೂಗುಚ್ಛ ಹಿಡಿದು, ನಗುತ್ತಾ, ಬ್ರೆಂಡಾಳನ್ನು ದಾಟಿ ಅವಳ ಬೆನ್ನ ಹಿಂದಕ್ಕೆ ಹೋದಳು.

“ಮದುವೆಗೆ ಮುಂಚೆ ನಾನು ಹಾಲೆಂಡಿನಲ್ಲಿ ನರ್ಸ್ ಆಗಿದ್ದೆ ಮಾರಾಯ್ತಿ,” ಹೂ ತೆಗೆದುಕೊಳ್ಳುತ್ತಾ ಅತ್ತೆ ಮೆಲ್ಲಗೆ ಹೇಳಿದರು. “ಶುಕ್ರವಾರ ಬರಿಲಿಕ್ಕೆ ಇಲ್ಲಿಗೆ ಕರ್ಕೊಂಡು ಬರುದು ಇವ್ನೇ. ಮನೆಯಲ್ಲೇ ಬರಿಯುವ ಅಂದ್ರೆ, ಪೇಂಟಿನ ವಾಸನೆ ನಿಂಗೆ ಆಗುದಿಲ್ವಲ್ಲ.”