ಚಿಮುಟದಿಂದ ಚಿಮುಟಕ್ಕೆ

ಮಿಯಾಕೆ ಸಾನ್ ತಮ್ಮ ಚಿಮುಟದಲ್ಲಿ ಹಿಡಿದು ಚಾಚಿದ ಕಪ್ಪು ಕಣದ ಹತ್ತಿರಕ್ಕೆ ಹೋದ ಚಿಹಾಯಾಳ ಚಿಮುಟ ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ಗಾಜಿನ ಪೆಟ್ಟಿಗೆಯ ಆಚೆ ಅವರು, ಈಚೆ ಅವಳು. ಇಬ್ಬರ ಕೈಗಳೂ ಪೆಟ್ಟಿಗೆಯ ಗೋಡೆಗೇ ಕೂಡಿಸಿದ ದಪ್ಪ ರಬ್ಬರ್ ಗವಸಿನೊಳಗಿದ್ದವು. ಕಣ ಕ್ಷುದ್ರಗ್ರಹದಿಂದ ಬಂದದ್ದು. ಅದರ ಮೇಲಿನ ಬಿಳಿ ಗೆರೆ, ಭೂಮಿ ಉಂಡೆಗಟ್ಟುವ ಮೊದಲೇ ಅಲ್ಲಿ ಹರಿದ ನೀರು ಬಿಟ್ಟುಹೋದ ಉಪ್ಪು. ಅಂಥ ಗೆರೆಯಿದ್ದ ಕಣ ಅದೊಂದೇ.

"ಹಿಡ್ಕೋಮ್ಮ. ನನ್ನ ಕೈ ಸೋತಿದೆ, ಬಿದ್ರೆ ಪುಡಿಪುಡಿ."

"ತಟ್ಟೇಲಿಡಿ ಮಿಯಾಕೆ ಸಾನ್, ನಾನೇ ಎತ್ಕೋತೀನಿ. ಹೀಗೆ ಬೇಡ."

"ತಟ್ಟೆವರೆಗೂ ಕೈ ಇಳಿಸೋಕಾಗ್ತಿಲ್ಲ ಅಂತ ತಾನೇ ನಿನ್ನ ಕರೆದಿದ್ದು? ಊಟಕ್ಕೆ ಕೂತಾಗ ನಮ್ಮಜ್ಜಿ ಬೈತಿದ್ದಂಗೇ ಆಡ್ತೀಯಲ್ಲ."

ಊಟದ ಕಡ್ಡಿಯಿಂದ ಕಡ್ಡಿಗೆ ಏನನ್ನೂ ದಾಟಿಸಬಾರದು. ಹಾಗೆ ದಾಟಿಸುವುದು ಚಿತಾಗಾರದಲ್ಲಿ, ಸತ್ತವರ ಮೂಳೆಯನ್ನು ಮಾತ್ರ. ಕಳೆದ ವಾರ ಚಿಹಾಯಾಳ ಅಣ್ಣ ಅಮ್ಮನ ಮೂಳೆಯ ಚೂರೊಂದನ್ನು ಕಡ್ಡಿಯಲ್ಲಿ ಹಿಡಿದು ಅವಳತ್ತ ಚಾಚಿದ್ದ. ಅವಳ ಕೈ ಮುಂದಾಗಲೇ ಇಲ್ಲ. ಕಾದು ಕಾದು ಅವನೊಬ್ಬನೇ ಅದನ್ನು ಕುಡಿಕೆಗೆ ಹಾಕಿದ. ಈ ಬಿಳಿ ಗೆರೆಯಲ್ಲಿರುವುದೂ ಮೂಳೆ ಕಟ್ಟುವ ಅದೇ ರಂಜಕವೆಂದು ನಿನ್ನೆಯಷ್ಟೇ ಗೊತ್ತಾಗಿತ್ತು.

"ಹೆದರ್ಬೇಡ," ಮಿಯಾಕೆ ಸಾನ್ ದನಿ ತಗ್ಗಿಸಿದರು. "ಇದು ಸತ್ತಿದ್ದಲ್ಲ. ಇನ್ನೂ ಹುಟ್ಟೇ ಇಲ್ಲ."

ಕಣ ಅವರ ಚಿಮುಟ ಬಿಟ್ಟು, ನಡುವಿನ ಅಷ್ಟೂ ದೂರವನ್ನು ದಾಟಿ, ಅವಳ ಚಿಮುಟದ ತುದಿಗೆ ಬಂದು ಅಂಟಿಕೊಂಡಿತು.

"ಸದ್ಯ, ಕೊನೆಗೂ ಹಿಡ್ಕೊಂಡ್ಯಲ್ಲ," ಎಂದರು ಅವರು.

ಚಿಹಾಯಾ ತನ್ನ ಚಿಮುಟವನ್ನು ಇನ್ನೂ ತೆರೆದೇ ಇರಲಿಲ್ಲ.