ಎರಡನೇ ನಂಬರಿನ ಮುದ್ದೆ

ಶಿವಗಂಗಾ ತುಟಿ ಬಿಚ್ಚದೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎದುರಿಗೆ ನಾಲ್ಕು ಪಾತ್ರೆ, ಒಂದೊಂದರ ಮೈಮೇಲೂ ಸುಣ್ಣದಲ್ಲಿ ಬರೆದ ಒಂದೊಂದು ಅಂಕಿ. ಸಂಶೋಧನಾ ಕೇಂದ್ರದವರು ಕೊಟ್ಟ ನಾಲ್ಕು ಹೊಸ ರಾಗಿ ತಳಿಗಳನ್ನು ಮಾವ ಪಂಚಾಕ್ಷರಪ್ಪ ಮಾಡದಕೆರೆಯ ತಮ್ಮ ಹೊಲದಲ್ಲಿ ನಾಲ್ಕು ಪಟ್ಟಿ ಮಾಡಿ ಬೆಳೆದಿದ್ದರು. ಇವತ್ತು ಊರಿನ ಹದಿನಾಲ್ಕು ಜನ ನಾಲ್ಕರ ಮುದ್ದೆಯನ್ನೂ ಉಂಡು, ಹಿಡಿಸಿದ್ದನ್ನು ಆರಿಸಬೇಕು. ಆರಿಸಿದ ತಳಿಯ ಬೀಜವೇ ಬರುವ ಮಳೆಗಾಲಕ್ಕೆ ಊರಿಗೆಲ್ಲ.

ಮೊದಲನೆಯದು ಸರಿಯಾಗಿ ಬಂತು. ಎರಡನೆಯದು ಕೋಲಿಗೆ ಸಿಕ್ಕಲೇ ಇಲ್ಲ. ಎಷ್ಟು ತೊಳಸಿದರೂ ಪಾತ್ರೆಯೊಳಗೆ ಸಡಿಲವಾಗಿ ಹೊರಳುತ್ತಿತ್ತು. ಹೊರಗೆ ಜಗುಲಿಯಲ್ಲಿ ಪಂಕ್ತಿ ಕೂತಾಗಿದೆ. ಮದುವೆಯಾಗಿ ಬಂದು ಎಂಟು ತಿಂಗಳು. ಪಂಚಾಕ್ಷರಪ್ಪನವರ ಸೊಸೆಗೆ ಮುದ್ದೆ ಮಾಡಲು ಬರುವುದಿಲ್ಲ ಎಂಬ ಮಾತು ಸಂಜೆಯೊಳಗೆ ಊರು ದಾಟುತ್ತದೆ. ಅವಳ ಕೈ ತಾನಾಗಿ ಮನೆಯ ಹಿಟ್ಟಿನ ಡಬ್ಬಿಗೆ ಹೋಯಿತು. ಎರಡು ಹಿಡಿ ಉದುರಿಸಿ, ಉರಿ ಜೋರು ಮಾಡಿ ಮತ್ತೆ ತೊಳಸಿದಳು. ಮುದ್ದೆ ಗಟ್ಟಿಯಾಯಿತು. ಅಡುಗೆಮನೆಯಲ್ಲಿ ನಿಂತ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು.

ನಾಲ್ಕನ್ನೂ ಬಡಿಸಿದ ಮೇಲೆ ಅವಳು ಬಾಗಿಲ ಸಂದಿಯಲ್ಲಿ ನಿಂತಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅದಕ್ಕೇ ಅವಳು ಮುಖಗಳನ್ನು ಬಿಟ್ಟು ಗಂಟಲುಗಳನ್ನೇ ನೋಡುತ್ತಿದ್ದಳು.

“ಎರಡನೇದು ಬೆಣ್ಣೆ ಕಣ್ರಪ್ಪ, ಬೆಣ್ಣೆ!” ಎಂದ ಮುದುಕ ಓಬಳೇಶಪ್ಪ. “ತುತ್ತು ಬಾಯಾಗಿಟ್ರೆ ಹೊಟ್ಟೆಯಾಗಿರ್ತೈತೆ.”

“ಹಲ್ಲಿಲ್ಲದೋರ ಮಾತು ಯಾರು ನಂಬ್ತಾರೆ?” ಪಕ್ಕದ ಮನೆಯ ಪಾರ್ವತಮ್ಮ ಕಿಚಾಯಿಸಿದಳು.

“ಮುದ್ದೆ ವಿಷಯಕ್ಕೆ ಹಲ್ಲಿಲ್ಲದೋನೇ ಜಡ್ಜು ಕಣವ್ವ!”

ಕೈ ತೊಳೆದು ಬಂದವರು ತಲೆಗೊಂದು ಹುಣಸೆ ಬೀಜವನ್ನು ತಮಗೆ ಬೇಕಾದ ನಂಬರಿನ ಲೋಟಕ್ಕೆ ಹಾಕಿದರು. ಎರಡನೇ ಲೋಟದಲ್ಲಿ ಹನ್ನೊಂದು ಬೀಜ. ಸಂಶೋಧನಾ ಕೇಂದ್ರದಿಂದ ಬಂದಿದ್ದ ಅಂಜಲಿ ಮೇಡಂ ಹುಬ್ಬೇರಿಸಿದಳು. “ಆಶ್ಚರ್ಯ. ನಮ್ಮಲ್ಲಿ ಮಾಡಿ ನೋಡಿದಾಗ ಎರಡನೇದು ಮೆತ್ತಗೆ ಬಂದಿತ್ತು. ಈ ಊರಿನ ನೀರಿಗೆ ಸರಿಹೋಯ್ತೋ ಏನೋ.”

“ನೀರೂ ಇಲ್ಲ ಗೀರೂ ಇಲ್ಲ ಮೇಡಂ,” ಪಂಚಾಕ್ಷರಪ್ಪನ ಎದೆ ಉಬ್ಬಿತ್ತು. “ತೆನೆ ನೋಡಿದ್ರಲ್ಲ, ಮುಷ್ಟಿ ಮಡಿಸಿದಂಗೆ ಐತೆ. ಹೊಲದಾಗೂ ಎರಡೇ, ತಟ್ಟೆಯಾಗೂ ಎರಡೇ. ಬರ್ಕಳ್ರಿ.”

ಅಂಜಲಿ ಬರೆಯತೊಡಗಿದಳು. ಶಿವಗಂಗಾಳ ಕಣ್ಣಿಗೆ ಊರಿನ ಒಲೆಗಳೆಲ್ಲ ಕಾಣಿಸಿದವು. ಪ್ರತಿ ಒಲೆಯ ಮುಂದೆ ಒಬ್ಬೊಬ್ಬ ಹೆಂಗಸು, ತಪ್ಪು ತನ್ನ ಕೈಯದೇ ಎಂದುಕೊಂಡು ಎರಡು ಹೊತ್ತೂ ತೊಳಸುತ್ತಲೇ ಇದ್ದಾಳೆ.

“ಎರಡಕ್ಕೆ ನಮ್ಮನೆ ಡಬ್ಬಿ ಹಿಟ್ಟು ಹಾಕೀನ್ರಿ,” ಎಂದಳು ಬಾಗಿಲಿನಿಂದಲೇ. “ಎರಡು ಹಿಡಿ. ನೀರಾಗಿತ್ತು, ಅದಕ್ಕೆ.”

ಪೆನ್ನು ನಿಂತಿತು.

“ಬಾಯಿ ಬಿಟ್ಟಿದ್ದೇ ಎಂಟು ತಿಂಗಳಿಗೆ,” ಅತ್ತೆ ದಾಕ್ಷಾಯಣಮ್ಮ ಹಲ್ಲು ಕಚ್ಚಿದಳು, “ಬಿಟ್ಟ ಬಾಯಾಗೆ ಇದನ್ನೇ ಆಡಬೇಕಿತ್ತೇನೆ?”

“ಇರ್ಲಿ ಬಿಡಿ ಅಮ್ಮ,” ಎಂದಳು ಅಂಜಲಿ. “ಆ ಡಬ್ಬಿಯಲ್ಲಿರೋದು ಯಾವ ರಾಗಿ?”

ದಾಕ್ಷಾಯಣಮ್ಮ ತಡವರಿಸಿದಳು. “ನಮ್ಮ ಹಳೇ ರಾಗಿ ಅರ್ಧ. ಸೊಸೈಟಿಯಾಗೆ ಕೊಡ್ತಾರಲ್ಲ, ಅದರ್ಧ. ಸೇರಿಸಿ ಮಿಲ್ಲಿಗೆ ಹಾಕ್ಸಿದ್ದೆ.”

“ಅಯ್ಯೋ ಶಿವನೇ!” ಓಬಳೇಶಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. “ಹಂಗಾರೆ ನಾನು ಬೀಜ ಹಾಕಿದ್ದು ಯಾವುದಕ್ಕೆ? ಎರಡಕ್ಕೋ, ಹಳೇದಕ್ಕೋ, ಸೊಸೈಟಿ ರಾಗಿಗೋ?”

“ಎರಡು ಹಿಡಿಗೆ ಏನಾಗ್ತೈತೆ?” ಪಂಚಾಕ್ಷರಪ್ಪ ಗದರಿದರು. “ಕೆರೆಗೆ ಚೊಂಬು ನೀರು ಹೊಯ್ದಂಗೆ.”

“ಆಗೋದಾದ್ರೆ ಎಲ್ಲಾ ಆ ಎರಡು ಹಿಡಿಯಾಗೇ ಆಗ್ತೈತೆ,” ಎಂದಳು ಪಾರ್ವತಮ್ಮ. ಅಷ್ಟು ಹೇಳಿ, ತಾನು ಯಾವ ಲೋಟಕ್ಕೆ ಹಾಕಿದ್ದೆ ಎಂದು ನೆನಪು ಮಾಡಿಕೊಳ್ಳುವಂತೆ ಲೋಟಗಳ ಕಡೆ ನೋಡಿದಳು.

ಅಂಜಲಿ ಬರೆದದ್ದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಮತ್ತೆ ಅದನ್ನೇ ಬರೆದಳು. ಅದನ್ನೂ ನೋಡುತ್ತಾ ಕೂತಳು. “ಹನ್ನೊಂದು ಜನಕ್ಕೆ ಹಿಡಿಸಿದ್ದು ನಿಜ. ಆದರೆ ಹಿಡಿಸಿದ್ದು ಏನು?” ತಮ್ಮ ಗಂಟಲಲ್ಲಿ ಬೇರೆ ಯಾರೋ ಉಂಡುಹೋದರೇನೋ ಎಂಬಂತೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶಿವಗಂಗಾ ಒಳಗೆ ಹೋದಳು. ನಡುಮನೆಯಲ್ಲಿದ್ದ ಎರಡನೇ ನಂಬರಿನ ಚೀಲ ಬಿಚ್ಚಿ ಉಳಿದ ಹಿಟ್ಟು ತಂದಳು. ಎಸರಿಟ್ಟಳು. ಕೈ ಒಮ್ಮೆ ಡಬ್ಬಿಯ ಕಡೆ ಹೋಗಿದ್ದನ್ನು ತಾನೇ ಕಂಡು, ಡಬ್ಬಿಯನ್ನು ಕಾಲಿನಿಂದ ದೂರ ಸರಿಸಿದಳು. ಎಂದಿಗಿಂತ ಹೆಚ್ಚು ಹೊತ್ತು ತೊಳಸಿದಳು. ಕೈಗೆ ನೀರು ಹಚ್ಚಿಕೊಂಡು ಬಂದಷ್ಟು ದುಂಡಗೆ ಮಾಡಿ, ತಟ್ಟೆಯಲ್ಲಿಟ್ಟು ಹೊರಗೆ ಬಂದಳು.

ಹೊರಗೆ ವಾದ ಇನ್ನೂ ನಡೆದಿತ್ತು. ತಟ್ಟೆಯನ್ನು ಚಾಪೆಯ ನಡುವೆ ಇಟ್ಟಾಗ ನಿಂತಿತು. ಎಲ್ಲರ ಕಣ್ಣು ಮೊದಲು ಪಂಚಾಕ್ಷರಪ್ಪನ ಕಡೆ ಹೋಯಿತು. ಅವರು ತಲೆಯೆತ್ತಿ ಸೂರಿನ ಜಂತೆ ನೋಡುತ್ತಿದ್ದರು. ಓಬಳೇಶಪ್ಪ ತೊಳೆದ ಕೈಯನ್ನು ಮತ್ತೊಮ್ಮೆ ಟವೆಲಿಗೆ ಒರೆಸಿಕೊಂಡ.

“ಇದು ಬರೀ ಎರಡನೇ ನಂಬರಿಂದ್ರಿ,” ಎಂದಳು ಶಿವಗಂಗಾ. “ಒಂದೇ ಒಂದು ತುತ್ತು ತಿಂದು ಹೇಳ್ರಿ.”

ಮುದ್ದೆ ತನ್ನ ಪಾಡಿಗೆ ತಾನು ಮೆಲ್ಲಗೆ ಅಗಲವಾಗುತ್ತಾ ತಟ್ಟೆಯ ಅಂಚಿನ ಕಡೆ ಹರಿಯುತ್ತಿತ್ತು.